ಇನ್ವರ್ಟರ್ ಬ್ಯಾಟರಿಯಿಂದ ಕೊಳೆತ ಮೊಟ್ಟೆಯ ವಾಸನೆ: ಆಸಿಡ್ ಹಾಕಿಸಲೇ, ಲಿಥಿಯಂ ತರಲೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ತೋಟದ ಮನೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟ್ ಇರುವುದಿಲ್ಲ. ಬಂದರೂ ಎರಡು ಮೂರು ಗಂಟೆ ಇದ್ದು ಮತ್ತೆ ಹೋಗುತ್ತದೆ. ನಾಲ್ಕು ವರ್ಷದ ಹಿಂದೆ ಇನ್ವರ್ಟರ್ ಮತ್ತು 150 ಎಎಚ್‌ನ ಟ್ಯೂಬ್ಯುಲರ್ ಬ್ಯಾಟರಿ ಹಾಕಿಸಿದ್ದೆವು. ಮೆಟ್ಟಿಲ ಕೆಳಗಿನ ಬಾಗಿಲಿರುವ ಗೂಡಿನಲ್ಲಿ ಇಟ್ಟಿದ್ದೇವೆ, ಪಕ್ಕದಲ್ಲೇ ದೇವರ ಮನೆ. ಹದಿನೈದು ದಿನದಿಂದ ಚಾರ್ಜ್ ಆಗುವಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ. ಬ್ಯಾಟರಿ ಮುಟ್ಟಿದರೆ ಬಿಸಿ, ಒಳಗೆ ಕುದಿಯುವ ಸದ್ದು. ಮುಚ್ಚಳ ತೆಗೆದು ನೋಡಿದರೆ ಐದು ತೂತುಗಳಲ್ಲಿ ಗುಳ್ಳೆ ಏಳುತ್ತಿತ್ತು, ಮೂರನೆಯದು ಮಾತ್ರ ಸುಮ್ಮನಿತ್ತು. ಮೊದಲು ಐದಾರು ಗಂಟೆ ಬರುತ್ತಿದ್ದ ಬ್ಯಾಕಪ್ ಈಗ ಮುಕ್ಕಾಲು ಗಂಟೆ. ರಿಪೇರಿಯವರು ‘ಆಸಿಡ್ ಸತ್ತುಹೋಗಿದೆ, ಹೊಸದು ಹಾಕೋಣ’ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಗ ಲಿಥಿಯಂ ಹಾಕಿಸಿ ಎನ್ನುತ್ತಾನೆ. ಸ್ಕೂಟರ್ ಹೊತ್ತಿ ಉರಿದದ್ದನ್ನು ಟಿವಿಯಲ್ಲಿ ನೋಡಿದ ಮಾವನವರಿಗೆ ಲಿಥಿಯಂ ಎಂದರೆ ಭಯ. ಭಾವನವರು ‘ಎರಡು ವರ್ಷ ತಡೆಯಿರಿ, ಹೈಡ್ರೋಜನ್ ಬ್ಯಾಟರಿ ಬರುತ್ತದೆ’ ಎನ್ನುತ್ತಾರೆ. ನಾವು ಎರಡು ಸಲ ಬಾವಿ ನೀರು ಹಾಕಿದ್ದೂ ಉಂಟು. ಬರೀ ನೆಲದ ಮೇಲೆ ಇಟ್ಟಿದ್ದರಿಂದ ಚಾರ್ಜ್ ಇಳಿದುಹೋಯಿತೇ? ಎಂಟನೇ ತರಗತಿಯ ಮಗಳದ್ದೂ ಒಂದು ಪ್ರಶ್ನೆ ಇದೆ: ಕರೆಂಟ್ ಹೋದಾಗ ಬ್ಯಾಟರಿಯೊಳಗೆ ಕರೆಂಟ್ ಎಲ್ಲಿ ಕೂತಿರುತ್ತದೆ?

ಉತ್ತರ: ಉಳಿದದ್ದನ್ನೆಲ್ಲ ಆಮೇಲೆ ಓದಿ. ಮೊದಲು ಆ ಬ್ಯಾಟರಿ ಚಾರ್ಜ್ ಆಗುವುದನ್ನು ನಿಲ್ಲಿಸಿ. ಇವತ್ತೇ.

ನಿಲ್ಲಿಸುವುದಕ್ಕೂ ಒಂದು ಕ್ರಮ ಇದೆ. ದೇವರ ದೀಪ, ಊದುಬತ್ತಿ ಉರಿಯುತ್ತಿದ್ದರೆ ಆರಿಸಿ. ಗೂಡಿನ ಬಾಗಿಲು ಮತ್ತು ಮನೆಯ ಕಿಟಕಿಗಳನ್ನು ತೆರೆದು ಹೊರಗೆ ಬನ್ನಿ. ಬ್ಯಾಟರಿ ಪಕ್ಕದ ಸ್ವಿಚ್ ಮುಟ್ಟಬೇಡಿ, ಪ್ಲಗ್ ಕೀಳಬೇಡಿ. ಪ್ಲಗ್ ಕೀಳುವಾಗ ಸಣ್ಣ ಕಿಡಿ ಹಾರುತ್ತದೆ, ಆ ಜಾಗದಲ್ಲಿ ಅಷ್ಟು ಕಿಡಿ ಸಾಕು. ದೂರದಲ್ಲಿರುವ ಮೇನ್ ಬೋರ್ಡಿನ ಎಂಸಿಬಿ ಇಳಿಸಿ. ಅರ್ಧ ಗಂಟೆ ಗಾಳಿಯಾಡಿದ ಮೇಲೆ ಇನ್ವರ್ಟರಿನ ಮುಂದಿನ ಸ್ವಿಚ್ ಆರಿಸಿ, ಗೋಡೆಯ ಪ್ಲಗ್ ತೆಗೆಯಿರಿ. ಎರಡನ್ನೂ ಮಾಡಬೇಕು. ಹಲವು ಇನ್ವರ್ಟರುಗಳು ಮುಂದಿನ ಸ್ವಿಚ್ ಆರಿಸಿದರೂ ಹಿಂದಿನಿಂದ ಬ್ಯಾಟರಿಗೆ ಚಾರ್ಜ್ ಕೊಡುತ್ತಲೇ ಇರುತ್ತವೆ, ಇದು ಬಹಳ ಮನೆಗಳಲ್ಲಿ ಗೊತ್ತಿಲ್ಲ. ಬಿಸಿ ಇರುವಾಗ ನೀರು ಹಾಕುವುದು, ಟರ್ಮಿನಲ್ ಬಿಚ್ಚುವುದು ಬೇಡ. ತಣ್ಣಗಾಗಲು ಅರ್ಧ ದಿನ ಬೇಕಾದರೂ ಕಾಯಿರಿ.

ಈಗ ಮಗಳ ಪ್ರಶ್ನೆಯಿಂದ ಶುರುಮಾಡುತ್ತೇನೆ. ಬ್ಯಾಟರಿ ತಯಾರಿಸುವ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ನಾನು ಕಳೆದ ಇಪ್ಪತ್ತಾರು ವರ್ಷಗಳಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾರೂ ನನಗೆ ಕೇಳಿಲ್ಲ. ನಿಮ್ಮ ಉಳಿದ ಎಲ್ಲ ಅನುಮಾನಗಳಿಗೂ ಉತ್ತರ ಅದರೊಳಗೇ ಇದೆ.

ಕರೆಂಟ್ ಬ್ಯಾಟರಿಯೊಳಗೆ ಎಲ್ಲಿಯೂ ಕೂತಿರುವುದಿಲ್ಲ. ನಿಮ್ಮ ಟ್ಯೂಬ್ಯುಲರ್ ಬ್ಯಾಟರಿ ಸೀಸದ ಬ್ಯಾಟರಿಯ ಒಂದು ಬಗೆ. ಅಲ್ಲಿ ಇರುವುದು ಸೀಸದ ಒಂದು ತಟ್ಟೆ, ಸೀಸದ ಡೈಆಕ್ಸೈಡಿನ ಇನ್ನೊಂದು ತಟ್ಟೆ, ನಡುವೆ ನೀರು ಬೆರೆತ ಗಂಧಕಾಮ್ಲ. ಇವು ಮೂರೂ ಸೇರಿ ಸೀಸದ ಸಲ್ಫೇಟ್ ಮತ್ತು ನೀರಾಗಲು ತವಕಿಸುತ್ತವೆ. ಹಾಗೆ ಆದಾಗ ಅವುಗಳ ಒಟ್ಟು ಶಕ್ತಿ ಮೊದಲಿಗಿಂತ ಕಡಿಮೆಯಾಗುತ್ತದೆ, ಇಳಿದಷ್ಟು ಹೊರಗೆ ಬರುತ್ತದೆ. ಸೌದೆ ಉರಿಯುವಾಗಲೂ ಇದೇ ಲೆಕ್ಕ: ಸೌದೆ ಮತ್ತು ಆಮ್ಲಜನಕದ ಹಳೆಯ ಬಂಧಗಳು ಬಿಡುತ್ತವೆ, ಇಂಗಾಲದ ಡೈಆಕ್ಸೈಡಿನಲ್ಲಿ, ನೀರಿನಲ್ಲಿ ಹೊಸ ಬಂಧಗಳು ಕೂಡುತ್ತವೆ. ಬಂಧ ಬಿಡಿಸಲು ಶಕ್ತಿ ಬೇಕು, ಬಂಧ ಕೂಡುವಾಗ ಶಕ್ತಿ ಬರುತ್ತದೆ. ಖರ್ಚಿಗಿಂತ ಬಂದದ್ದು ಹೆಚ್ಚಾದರೆ ಆ ಹೆಚ್ಚುವರಿ ನಮಗೆ ಸಿಗುತ್ತದೆ.

ಒಲೆಗೂ ಬ್ಯಾಟರಿಗೂ ಇರುವ ವ್ಯತ್ಯಾಸ ದಾರಿಯದ್ದು. ಒಲೆಯಲ್ಲಿ ಎಲೆಕ್ಟ್ರಾನುಗಳು ಒಂದು ಅಣುವಿನಿಂದ ಇನ್ನೊಂದಕ್ಕೆ ನೇರವಾಗಿ ಜಿಗಿಯುತ್ತವೆ, ಶಕ್ತಿಯೆಲ್ಲ ಶಾಖ ಮತ್ತು ಬೆಳಕಾಗಿ ಹೋಗುತ್ತದೆ. ಬ್ಯಾಟರಿಯಲ್ಲಿ ಕೊಡುವವರನ್ನೂ ತೆಗೆದುಕೊಳ್ಳುವವರನ್ನೂ ಬೇರೆ ಬೇರೆ ಕೂರಿಸಿ, ನಡುವೆ ತೆಳುವಾದ ಪರದೆ ಇಟ್ಟಿರುತ್ತೇವೆ. ಆ ಪರದೆಯ ರಂಧ್ರಗಳಲ್ಲಿ ಆಮ್ಲದ ಅಯಾನುಗಳು, ಎಂದರೆ ವಿದ್ಯುದಾವೇಶ ಹೊತ್ತ ಕಣಗಳು, ಓಡಾಡಬಹುದು, ಎಲೆಕ್ಟ್ರಾನುಗಳಿಗೆ ಅಲ್ಲಿ ದಾರಿ ಇಲ್ಲ. ಅವು ಹೊರಗಿನ ತಂತಿ ಹಿಡಿದು, ನಿಮ್ಮ ಬಲ್ಬು ಫ್ಯಾನುಗಳ ಮೂಲಕ ಸುತ್ತಿ ಬರಬೇಕು. ತೋಟದ ಮೇಲಿನ ಕೆರೆಯ ನೀರನ್ನು ಕಾಲುವೆಯಲ್ಲಿ ಹರಿಸಿ ಗಿಡಗಳಿಗೆ ಉಣಿಸಿದ ಹಾಗೆ. ಏರಿಯೇ ಒಡೆದರೂ ನೀರು ಕೆಳಗೇ ಬರುತ್ತದೆ, ಆದರೆ ತೋಟ ಕೊಚ್ಚಿಕೊಂಡು ಹೋಗುತ್ತದೆ. ಬ್ಯಾಟರಿಯ ರಾಸಾಯನಿಕ ಶಕ್ತಿಯೂ ತಂತಿಯ ದಾರಿಯಲ್ಲಿ ಹೋದರೆ ವಿದ್ಯುತ್ತು, ದಾರಿ ತಪ್ಪಿದರೆ ಶಾಖ. ಮಗಳಿಗೆ ಇಷ್ಟು ಹೇಳಿ: ಕರೆಂಟ್ ಒಳಗೆ ಕಾದು ಕೂತಿಲ್ಲ, ಒಂದು ರಾಸಾಯನಿಕ ಕ್ರಿಯೆ ಕಾದು ಕೂತಿದೆ. ಸ್ವಿಚ್ ಹಾಕಿದ ಕ್ಷಣ ಅದಕ್ಕೆ ದಾರಿ ಸಿಗುತ್ತದೆ.

ಅವಳಿಗೆ ಇಷ್ಟವಾಗಬಹುದಾದ ಇನ್ನೊಂದು ಸಂಗತಿ. ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ ಕಂಡುಹಿಡಿದದ್ದು 1859ರಲ್ಲಿ. ಅದರ ಒಂದು ಸೆಲ್ (ಇಂಥ ಎರಡು ಬಗೆಯ ತಟ್ಟೆ, ಆಮ್ಲ ಇರುವ ಒಂದು ಕೋಣೆ) ಸುಮಾರು 2.1 ವೋಲ್ಟ್ ಯಾಕೆ ಕೊಡುತ್ತದೆ ಎನ್ನುವುದನ್ನು ವಿಜ್ಞಾನಿಗಳು ಲೆಕ್ಕ ಹಾಕಿ ಪ್ರಕಟಿಸಿದ್ದು 2011ರಲ್ಲಿ. ಅದರಲ್ಲಿ 1.7ರಿಂದ 1.8 ವೋಲ್ಟ್ ಐನ್‌ಸ್ಟೈನರ ಸಾಪೇಕ್ಷತೆಯ ಪರಿಣಾಮ. ಸೀಸದ ಪರಮಾಣುವಿನ ಬೀಜದಲ್ಲಿ ಧನ ಆವೇಶ ಅಷ್ಟು ಹೆಚ್ಚಾದ್ದರಿಂದ ಅದರ ಸಮೀಪದ ಎಲೆಕ್ಟ್ರಾನುಗಳು ಬೆಳಕಿನ ವೇಗಕ್ಕೆ ಹೋಲಿಸಬಹುದಾದಷ್ಟು ವೇಗದಲ್ಲಿ ಚಲಿಸುತ್ತವೆ. ಅದೇ ಕುಟುಂಬದ ತವರದಿಂದ ಇಂಥ ಬ್ಯಾಟರಿ ಮಾಡಲು ಆಗದಿರುವುದು ಇದೇ ಕಾರಣಕ್ಕೆ. ನಿಮ್ಮ ಮೆಟ್ಟಿಲ ಕೆಳಗೆ ಇಂಥದ್ದೊಂದು ನಡೆಯುತ್ತಿದೆ ಎಂದು ಅವಳಿಗೆ ತಿಳಿಯಲಿ.

ಈಗ ನಿಮ್ಮ ಬ್ಯಾಟರಿಯ ವಿಷಯ. ನೀವು ಬರೆದ ಒಂದು ಮಾತು ನನಗೆ ಬಹಳ ಉಪಯೋಗಕ್ಕೆ ಬಂತು: ಐದರಲ್ಲಿ ಗುಳ್ಳೆ, ಮೂರನೆಯದು ಸುಮ್ಮನಿದೆ. 12 ವೋಲ್ಟಿನ ಬ್ಯಾಟರಿ ಎಂದರೆ ಸಾಲಾಗಿ ಜೋಡಿಸಿದ ಆರು ಸೆಲ್‌ಗಳು. ನಿಮ್ಮದರಲ್ಲಿ ಮೂರನೆಯ ಸೆಲ್ ಒಳಗೇ ಶಾರ್ಟ್ ಆಗಿದೆ ಎಂದು ನನ್ನ ಅಂದಾಜು. ತಟ್ಟೆಯಿಂದ ಉದುರಿದ ಪುಡಿ ತಳದಲ್ಲಿ ಕೂತು, ಅಥವಾ ಪರದೆ ಹರಿದು, ಎರಡು ತಟ್ಟೆಗಳು ಸೇರಿಕೊಂಡಿರುತ್ತವೆ. ಅಲ್ಲಿಗೆ ಉಳಿದದ್ದು ಐದು ಸೆಲ್. ಇನ್ವರ್ಟರಿಗೆ ಇದು ತಿಳಿಯುವುದಿಲ್ಲ. ಅದು ಆರು ಸೆಲ್ ಇವೆ ಎಂದುಕೊಂಡು 14.4 ವೋಲ್ಟ್ ಮುಟ್ಟಿಸಲು ಕರೆಂಟ್ ತುಂಬುತ್ತಲೇ ಇರುತ್ತದೆ. ಸೆಲ್ಲಿಗೆ 2.4 ವೋಲ್ಟ್ ಇರಬೇಕಾದದ್ದು, ಐದೇ ಸೆಲ್ಲಿಗೆ ಹಂಚಿದಾಗ 2.88ರ ಕಡೆಗೆ ಏರುತ್ತದೆ. 2.4 ದಾಟಿದ ಮೇಲೆ ತುಂಬಿದ ಶಕ್ತಿಗೆ ಸೀಸದಲ್ಲಿ ಮಾಡಲು ಕೆಲಸ ಉಳಿದಿರುವುದಿಲ್ಲ, ಅದು ನೀರನ್ನು ಒಡೆಯಲು ಶುರುಮಾಡುತ್ತದೆ. ಒಂದು ತಟ್ಟೆಯಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಆಮ್ಲಜನಕ. ನೀವು ಕೇಳಿದ ‘ಕುದಿಯುವ ಸದ್ದು’ ಇದೇ. ಬ್ಯಾಟರಿ ಬಿಸಿಯಾಗಿದ್ದರೂ ಆ ಗುಳ್ಳೆ ಕುದಿತದ್ದಲ್ಲ, ಅನಿಲದ್ದು.

ಎಷ್ಟು ಅನಿಲ? ಇಲ್ಲಿ ಲೆಕ್ಕ ಹಾಕುವುದು ಒಳ್ಳೆಯದು, ಇಲ್ಲದಿದ್ದರೆ ನಾನು ಸುಮ್ಮನೆ ಹೆದರಿಸುತ್ತಿದ್ದೇನೆ ಎಂದಾಗುತ್ತದೆ. ತುಂಬಿದ ಬ್ಯಾಟರಿಯ ಮೂಲಕ 5 ಆಂಪಿಯರ್ ಒಂದು ಗಂಟೆ ಹರಿದರೆ, ಪ್ರತಿ ಸೆಲ್ಲಿನಿಂದ ಎರಡು ಲೀಟರಿಗೂ ಸ್ವಲ್ಪ ಹೆಚ್ಚು ಹೈಡ್ರೋಜನ್ ಬರುತ್ತದೆ. ಐದು ಸೆಲ್ಲಿಗೆ ಗಂಟೆಗೆ ಹತ್ತು ಹನ್ನೊಂದು ಲೀಟರ್. ನಿಮ್ಮ ಮೆಟ್ಟಿಲ ಕೆಳಗಿನ ಗೂಡು ಸುಮಾರು ಎರಡು ಸಾವಿರ ಲೀಟರಿನಷ್ಟು ಜಾಗ ಎಂದಿಟ್ಟುಕೊಳ್ಳಿ. ಗಾಳಿಯಲ್ಲಿ ಹೈಡ್ರೋಜನ್ ಶೇ 4 ದಾಟಿದರೆ ಹೊತ್ತಿಕೊಳ್ಳಬಲ್ಲದು. ಎಂದರೆ 80 ಲೀಟರ್. ಬಾಗಿಲು ಮುಚ್ಚಿದ ಗೂಡಿನಲ್ಲಿ ಒಂದು ರಾತ್ರಿಯ ಚಾರ್ಜಿಂಗ್ ಅಷ್ಟಕ್ಕೆ ಸಾಕು. ಬಾಗಿಲ ಸಂದಿಯಿಂದ ಒಂದಿಷ್ಟು ಹೊರಗೆ ಹೋಗುತ್ತಿದ್ದದ್ದರಿಂದ ಇಷ್ಟು ದಿನ ಏನೂ ಆಗಿಲ್ಲ. ಆ ಸಂದಿಯನ್ನೇ ನಂಬಿ ಕೂರಬೇಡಿ.

ವಾಸನೆಯ ವಿಷಯ ಬೇರೆ. ಹೈಡ್ರೋಜನ್ನಿಗೆ ವಾಸನೆ ಇಲ್ಲ. ಕೊಳೆತ ಮೊಟ್ಟೆಯ ನಾತ ಹೈಡ್ರೋಜನ್ ಸಲ್ಫೈಡಿನದ್ದು. ಸೆಲ್ ಮಿತಿಮೀರಿ ಬಿಸಿಯಾಗಿ, ಅತಿಯಾಗಿ ಚಾರ್ಜ್ ಆದಾಗ ಗಂಧಕಾಮ್ಲದೊಳಗಿನ ಗಂಧಕವೇ ಈ ರೂಪದಲ್ಲಿ ಹೊರಬೀಳುತ್ತದೆ. ಅದು ವಿಷ. ಅಲ್ಪ ಪ್ರಮಾಣದಲ್ಲೇ ಮೂಗಿಗೆ ಗೊತ್ತಾಗುತ್ತದೆ ಎನ್ನುವುದು ನಮ್ಮ ಪುಣ್ಯ. ಆದರೆ ಹೆಚ್ಚಾದಾಗ, ಗಾಳಿಯ ಹತ್ತು ಲಕ್ಷ ಭಾಗಕ್ಕೆ ನೂರು ಭಾಗ ಮುಟ್ಟಿದರೆ, ಕೆಲವೇ ನಿಮಿಷಗಳಲ್ಲಿ ಮೂಗಿನ ಶಕ್ತಿಯೇ ಕುಂದುತ್ತದೆ. ‘ಈಗ ವಾಸನೆ ಇಲ್ಲ, ಸರಿಹೋಯಿತು’ ಎಂದುಕೊಂಡು ಒಳಗೆ ಬಗ್ಗುವುದು ಆಗಲೇ ಅಪಾಯ. ಇದು ಗಾಳಿಗಿಂತ ಭಾರ, ಕೆಳಗೆ ಕೂರುತ್ತದೆ. ಹೈಡ್ರೋಜನ್ ಹಗುರ, ಮೇಲಿನ ಮೂಲೆಗೆ ಏರುತ್ತದೆ. ಆದ್ದರಿಂದ ಬ್ಯಾಟರಿ ಇಡುವ ಜಾಗಕ್ಕೆ ಮೇಲೊಂದು ಕೆಳಗೊಂದು ಗಾಳಿಕಿಂಡಿ ಇರಲೇಬೇಕು. ನಾನು ನೋಡಿದ ಮನೆಗಳಲ್ಲಿ ಬಹುಪಾಲು ಕಡೆ ಒಂದೂ ಇರುವುದಿಲ್ಲ, ಚೆಂದ ಕಾಣಲಿ ಎಂದು ಮುಚ್ಚಿಬಿಟ್ಟಿರುತ್ತಾರೆ.

‘ಆಸಿಡ್ ಸತ್ತುಹೋಗಿದೆ’ ಎನ್ನುವ ಮಾತನ್ನು ನಾನು ನೂರಾರು ಸಲ ಕೇಳಿದ್ದೇನೆ. ಹೇಳುವವರು ಮೋಸ ಮಾಡುತ್ತಿದ್ದಾರೆ ಎಂದಲ್ಲ, ಆಮ್ಲ ಎಷ್ಟು ಗಟ್ಟಿ ಎಂದು ಅಳೆಯುವ ಹೈಡ್ರೋಮೀಟರ್ ಅವರಿಗೆ ಹಾಗೆ ತೋರಿಸುತ್ತದೆ. ತುಂಬಿದ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಗ್ರಾವಿಟಿ, ಎಂದರೆ ಒಳಗಿನ ದ್ರವ ನೀರಿಗಿಂತ ಎಷ್ಟು ಪಟ್ಟು ಭಾರ ಎನ್ನುವ ಅಂಕಿ, 1.240ರ ಆಸುಪಾಸು ಇರುತ್ತದೆ. ಬ್ಯಾಟರಿ ಖಾಲಿಯಾದಂತೆ ಆಮ್ಲದ ಸಲ್ಫೇಟ್ ತಟ್ಟೆಗಳಿಗೆ ಹೋಗಿ ಅಂಟುತ್ತದೆ, ನೀರು ಹುಟ್ಟುತ್ತದೆ, ಗ್ರಾವಿಟಿ 1.150ರ ಹತ್ತಿರ ಇಳಿಯುತ್ತದೆ. ಆಮ್ಲ ಎಲ್ಲಿಯೂ ಹೋಗಿಲ್ಲ, ತಟ್ಟೆಯೊಳಗೆ ಕೂತಿದೆ. ಮತ್ತೆ ಚಾರ್ಜ್ ಮಾಡಿದರೆ ಹೊರಗೆ ಬರುತ್ತದೆ. ಬರದಿದ್ದರೆ ಆ ಸಲ್ಫೇಟ್ ಗಟ್ಟಿ ಹರಳಾಗಿದೆ, ಇಲ್ಲವೇ ಸೆಲ್ ಶಾರ್ಟ್ ಆಗಿದೆ. ಎರಡಕ್ಕೂ ಹೊಸ ಆಸಿಡ್ ಮದ್ದಲ್ಲ. ಹಾಕಿದ ದಿನ ಮೀಟರಿನ ಅಂಕಿ ಮೇಲೇರುತ್ತದೆ, ಬ್ಯಾಟರಿ ಎರಡು ವಾರ ಚುರುಕಾದಂತೆಯೂ ಕಾಣಬಹುದು. ಆಮೇಲೆ ಗಟ್ಟಿಯಾದ ಆಮ್ಲ ಧನ ತಟ್ಟೆಯ ಸೀಸದ ಬೆನ್ನೆಲುಬನ್ನೇ ತಿನ್ನುತ್ತದೆ. ಚೆಲ್ಲಿಹೋದ ಆಮ್ಲವನ್ನು ತುಂಬುವುದೊಂದನ್ನು ಬಿಟ್ಟು ಮನೆಯ ಬ್ಯಾಟರಿಗೆ ಆಸಿಡ್ ಹಾಕುವ ಸಂದರ್ಭವೇ ಇಲ್ಲ. ಕಳೆದುಹೋಗುವುದು ನೀರು, ಹಾಕಬೇಕಾದದ್ದೂ ನೀರು.

ನೀರು ಎಂದರೆ ಬ್ಯಾಟರಿಗೆಂದೇ ಕ್ಯಾನಿನಲ್ಲಿ ಮಾರುವ ಡಿಸ್ಟಿಲ್ಡ್ ವಾಟರ್. ಮಲೆನಾಡಿನ ಬಾವಿ ನೀರಿನಲ್ಲಿ, ಜಂಬಿಟ್ಟಿಗೆ ಮಣ್ಣಿನ ಕಡೆ ಮುಖ್ಯವಾಗಿ, ಕಬ್ಬಿಣ ಇರುತ್ತದೆ. ಪಾತ್ರೆಯ ತಳದಲ್ಲಿ ಕೆಂಪು ಕಟ್ಟುವುದು ಅದೇ. ಬ್ಯಾಟರಿಯೊಳಗೆ ಈ ಕಬ್ಬಿಣ ಒಂದು ತಟ್ಟೆಯಿಂದ ಎಲೆಕ್ಟ್ರಾನ್ ಹೊತ್ತು ಇನ್ನೊಂದಕ್ಕೆ ಕೊಡುತ್ತ ಹಗಲೂ ರಾತ್ರಿ ಓಡಾಡುತ್ತದೆ. ತಂತಿಯಲ್ಲಿ ಹೋಗಬೇಕಾದದ್ದು ಒಳದಾರಿಯಲ್ಲೇ ಸೋರಿಹೋಗುತ್ತದೆ. ಎರಡು ಸಲ ಹಾಕಿದ್ದೊಂದರಿಂದಲೇ ಬ್ಯಾಟರಿ ಕೆಟ್ಟಿತು ಎಂದು ನಾನು ಹೇಳಲಾರೆ, ಆಯಸ್ಸು ಕಡಿಮೆಯಾದದ್ದರಲ್ಲಿ ಅದಕ್ಕೂ ಪಾಲಿದೆ. ಫಿಲ್ಟರಿನ ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ. ಹೆಂಚಿನ ಮೇಲಿಂದ ಹಿಡಿದ ಮಳೆ ನೀರಿನಲ್ಲಿ ಧೂಳು, ಪಾಚಿ.

ನೀರಿಗೂ ಆಮ್ಲಕ್ಕೂ ಸಂಬಂಧಿಸಿದ ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಗಟ್ಟಿ ಗಂಧಕಾಮ್ಲಕ್ಕೆ ನೀರು ಸುರಿದರೆ ಬೆರೆಯುವಾಗ ಬರುವ ಶಾಖಕ್ಕೇ ನೀರು ಕುದಿದು ಆಮ್ಲ ಮುಖಕ್ಕೆ ಸಿಡಿಯುತ್ತದೆ. ಆದ್ದರಿಂದಲೇ ‘ನೀರಿಗೆ ಆಮ್ಲ, ನಿಧಾನಕ್ಕೆ’ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಬ್ಯಾಟರಿಗೆ ನೀರು ಹಾಕುವಾಗ ಹಾಗೆ ಆಗುವುದಿಲ್ಲ ಯಾಕೆ? ಒಳಗಿನ ದ್ರವದಲ್ಲಿ ಆಮ್ಲ ಮೂರನೇ ಒಂದು ಭಾಗ ಮಾತ್ರ. ಬೆರೆಯುವ ಶಾಖದ ಬಹುಪಾಲು ಕಾರ್ಖಾನೆಯಲ್ಲೇ ಹೊರಗೆ ಹೋಗಿರುತ್ತದೆ. ಅಂಗಡಿಯವರು ಕ್ಯಾನಿನಲ್ಲಿ ತರುವ ಆಸಿಡ್ ಎಷ್ಟು ಗಟ್ಟಿ ಎಂದು ಮಾತ್ರ ನಿಮಗೆ ತಿಳಿಯುವುದಿಲ್ಲ.

ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಎನ್ನುವುದು ಹಳೆಯ ಕಾಲದ ಮಾತು. ಹಿಂದೆ ಮರದ ಪೆಟ್ಟಿಗೆಯ ಬ್ಯಾಟರಿಗಳಿದ್ದಾಗ ಒದ್ದೆ ನೆಲ ಪೆಟ್ಟಿಗೆಯನ್ನು ಕೆಡಿಸುತ್ತಿತ್ತು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಯ ಮೂಲಕ ಏನೂ ಸೋರುವುದಿಲ್ಲ. ಚಾರ್ಜ್ ಸೋರುವುದು ಬ್ಯಾಟರಿಯ ತಲೆಯ ಮೇಲೆ ಕೂತ ಧೂಳು ಮತ್ತು ಆಮ್ಲದ ತೇವದ ಪದರದಿಂದ. ಅಡುಗೆ ಸೋಡಾ ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ, ಮುಚ್ಚಳ ಭದ್ರ ಇರುವಾಗ ಒರೆಸಿದರೆ ಸಾಕು.

ಇನ್ನು ಲಿಥಿಯಂ. ಮಾವನವರ ಭಯವನ್ನು ಮಗ ನಗೆಯಾಡಬಾರದು, ಅದಕ್ಕೆ ಆಧಾರ ಇದೆ. ಲಿಥಿಯಂ ಬ್ಯಾಟರಿಯಲ್ಲಿ ಅಯಾನುಗಳು ಈಜುವ ದ್ರವ ನೀರಲ್ಲ, ಪೆಟ್ರೋಲಿನ ಹಾಗೆ ಉರಿಯಬಲ್ಲ ದ್ರಾವಕ. ಸೀಸದ ಬ್ಯಾಟರಿ ಕೆಟ್ಟರೆ ಒಳಗಿನ ನೀರು ಬಿಸಿಯನ್ನು ಒಂದಿಷ್ಟು ಹೀರುತ್ತದೆ. ಲಿಥಿಯಂ ಸೆಲ್ ಮಿತಿಮೀರಿ ಬಿಸಿಯಾದರೆ ಆ ಬಿಸಿಯೇ ಒಳಗಿನ ಇನ್ನಷ್ಟು ಕ್ರಿಯೆಗಳನ್ನು ಎಬ್ಬಿಸುತ್ತದೆ, ಅವು ಇನ್ನಷ್ಟು ಶಾಖ ಕೊಡುತ್ತವೆ, ಪಕ್ಕದ ಸೆಲ್ಲಿಗೂ ಹಬ್ಬುತ್ತದೆ. 2022ರ ಬೇಸಿಗೆಯಲ್ಲಿ ಸ್ಕೂಟರುಗಳು ಹೊತ್ತಿದ ಮೇಲೆ ಕೇಂದ್ರ ಸಾರಿಗೆ ಸಚಿವಾಲಯ ವಾಹನದ ಬ್ಯಾಟರಿಗಳ ಪರೀಕ್ಷೆಯ ನಿಯಮಗಳನ್ನು ಬಿಗಿಗೊಳಿಸಿತು. ಒಂದು ಸೆಲ್ಲಿನ ಬೆಂಕಿ ಉಳಿದವಕ್ಕೆ ಹಬ್ಬುವ ಬಗೆಯನ್ನೂ ಅದರಲ್ಲಿ ಪರೀಕ್ಷಿಸುತ್ತಾರೆ.

ಆದರೆ ಲಿಥಿಯಂ ಎನ್ನುವುದು ಒಂದೇ ಪದಾರ್ಥದ ಹೆಸರಲ್ಲ. ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಬೆರೆತದ್ದು ಒಂದು ಜಾತಿ, ಕಬ್ಬಿಣ ಮತ್ತು ಫಾಸ್ಫೇಟಿನದ್ದು ಇನ್ನೊಂದು ಜಾತಿ. ಎರಡನೆಯದನ್ನು ಅಂಗಡಿಯಲ್ಲಿ ಎಲ್‌ಎಫ್‌ಪಿ ಎನ್ನುತ್ತಾರೆ. ಮೊದಲನೆಯದು 200 ಡಿಗ್ರಿಯ ಆಸುಪಾಸಿನಲ್ಲಿ ಒಡೆಯುವಾಗ ತನ್ನೊಳಗಿನ ಆಮ್ಲಜನಕವನ್ನು ತಾನೇ ಬಿಟ್ಟುಕೊಡುತ್ತದೆ. ಉರಿಯುವ ವಸ್ತುವೂ ಆಮ್ಲಜನಕವೂ ಒಂದೇ ಡಬ್ಬಿಯಲ್ಲಿ ಸಿಕ್ಕ ಹಾಗೆ. ಎಲ್‌ಎಫ್‌ಪಿಯಲ್ಲಿ ಆಮ್ಲಜನಕ ಫಾಸ್ಫೇಟಿನೊಳಗಿನ ರಂಜಕದ (ಫಾಸ್ಫರಸ್) ಜೊತೆ ಗಟ್ಟಿಯಾಗಿ ಬಂಧಿತವಾಗಿರುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಅಂಥ ಕ್ರಿಯೆ ಶುರುವಾಗಲು ಇನ್ನೂ ಹೆಚ್ಚಿನ ಬಿಸಿ ಬೇಕು, ಶುರುವಾದರೂ ಶಾಖ ಕಡಿಮೆ. ಈ ವಸ್ತುವನ್ನು 1997ರಲ್ಲಿ ಪ್ರಕಟಿಸಿದ್ದು ಅಮೆರಿಕದ ಟೆಕ್ಸಾಸಿನಲ್ಲಿ ಜಾನ್ ಗುಡ್‌ಇನಫ್ ಅವರ ತಂಡ. ಆ ಲೇಖನದ ಮೊದಲ ಹೆಸರು ಭಾರತೀಯ ಮೂಲದ ಅಕ್ಷಯ ಪಾಧಿ ಅವರದು. ಗುಡ್‌ಇನಫ್ ಅವರಿಗೆ 2019ರಲ್ಲಿ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ ನೊಬೆಲ್ ಬಂತು, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರ ಜೊತೆ.

ಎಲ್‌ಎಫ್‌ಪಿ ‘ಹೊತ್ತುವುದೇ ಇಲ್ಲ’ ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಅದರೊಳಗಿನ ದ್ರಾವಕವೂ ಉರಿಯುವಂಥದ್ದೇ, ಕೆಟ್ಟಾಗ ಬರುವ ಹೊಗೆ ಮುಚ್ಚಿದ ಗೂಡಿನಲ್ಲಿ ತುಂಬಿದರೆ ಸ್ಫೋಟಿಸಬಹುದು. ಅಪಾಯ ಕಡಿಮೆ, ಇಲ್ಲವೆಂದಲ್ಲ.

ಶಕ್ತಿ ಎಷ್ಟಿದೆ ಎನ್ನುವುದರಿಂದ ಅಪಾಯವನ್ನು ಅಳೆಯಲು ಹೋದರೆ ದಾರಿ ತಪ್ಪುತ್ತದೆ. ಐವತ್ತು ಅರವತ್ತು ಕೆಜಿ ತೂಗುವ ನಿಮ್ಮ ಸೀಸದ ಬ್ಯಾಟರಿಯಲ್ಲಿರುವುದು ಹೆಚ್ಚೆಂದರೆ 1.8 ಯೂನಿಟ್. ಅರ್ಧ ಕೆಜಿ ಒಣ ಸೌದೆಯಲ್ಲೂ ಅದಕ್ಕಿಂತ ಸ್ವಲ್ಪ ಹೆಚ್ಚೇ ಇದೆ. ನಿಮ್ಮ ಅಡುಗೆಮನೆಯ 14.2 ಕೆಜಿಯ ಗ್ಯಾಸ್ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್, ಎಂದರೆ ಅಂಥ ನೂರು ಬ್ಯಾಟರಿ. ಅದರ ಜೊತೆ ನೀವು ದಿನವೂ ಬದುಕುತ್ತಿದ್ದೀರಿ, ಯಾಕೆಂದರೆ ಅದು ಯಾವ ಬಾಗಿಲಿನಿಂದ, ಎಷ್ಟು ನಿಧಾನಕ್ಕೆ ಹೊರಗೆ ಬರುತ್ತದೆ ಎನ್ನುವುದು ನಿಮ್ಮ ಕೈಯಲ್ಲಿದೆ. ಅದೇ ಬ್ಯಾಟರಿಯ ಎರಡು ಟರ್ಮಿನಲ್ ಮೇಲೆ ಸ್ಪ್ಯಾನರ್ ಬಿದ್ದರೆ ನೂರಾರು ಆಂಪಿಯರ್ ಒಂದೇ ಕ್ಷಣಕ್ಕೆ ಹರಿಯುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರ ಚಿನ್ನದ ಉಂಗುರ ಹಾಗೆ ಸೇರಿಕೊಂಡು, ಬೆರಳಿಗೆ ಸುಟ್ಟ ಗಾಯ ಜೀವಮಾನಕ್ಕೆ ಉಳಿಯಿತು. ಬ್ಯಾಟರಿಯ ಹತ್ತಿರ ಹೋಗುವ ಮುಂಚೆ ಬಳೆ, ಉಂಗುರ, ಉದ್ದನೆಯ ಸರ ತೆಗೆದಿಡಿ.

ಹಾಗಾದರೆ ಏನು ಮಾಡಬೇಕು? ಹಳೆಯದನ್ನು ರಿಪೇರಿ ಮಾಡಿಸುವ ಯೋಚನೆ ಬಿಡಿ. ಟ್ಯೂಬ್ಯುಲರ್ ಬ್ಯಾಟರಿಯ ಒಂದು ಸೆಲ್ ಬದಲಿಸಿ ಮುಚ್ಚುವ ಕೆಲಸವನ್ನು ಕೆಲವರು ಮಾಡುತ್ತಾರೆ. ನಾಲ್ಕು ವರ್ಷದ ಐದು ಸೆಲ್‌ಗಳ ಜೊತೆ ಒಂದು ಹೊಸ ಸೆಲ್ ಹೊಂದುವುದಿಲ್ಲ, ಆರು ತಿಂಗಳಲ್ಲಿ ಮತ್ತೆ ಇದೇ ಕತೆ. ಉಳಿದದ್ದು ಎರಡು ದಾರಿ.

ಹೊಸ ಟ್ಯೂಬ್ಯುಲರ್ ಬ್ಯಾಟರಿಗೆ ಖರ್ಚು ಕಡಿಮೆ, ಇದೇ ಇನ್ವರ್ಟರ್ ಸಾಕು, ಊರಿನಲ್ಲೇ ನೋಡಿಕೊಳ್ಳುವವರು ಇದ್ದಾರೆ, ಹಳೆಯದಕ್ಕೆ ಸೀಸದ ಬೆಲೆಯೂ ಕಳೆಯುತ್ತದೆ. ಆದರೆ ನಿಮ್ಮ ಊರಿನ ಮಳೆಗಾಲಕ್ಕೂ ಸೀಸದ ಬ್ಯಾಟರಿಗೂ ಒಂದು ಜಗಳ ಇದೆ. ಅದು ಪೂರ್ತಿ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ಮೊದಲ ಎಂಬತ್ತು ಪಾಲು ಬೇಗ ತುಂಬಿದರೂ ಕೊನೆಯ ಇಪ್ಪತ್ತು ಪಾಲು ಎಳೆದು ಎಳೆದು ತುಂಬುತ್ತದೆ. ಎರಡು ಗಂಟೆ ಕರೆಂಟ್ ಬಂದು ಮತ್ತೆ ಹೋಗುವ ಕಡೆ ಅದು ವಾರಗಟ್ಟಲೆ ಅರೆಹೊಟ್ಟೆಯಲ್ಲೇ ಇರುತ್ತದೆ, ತುಂಬದೆ ಉಳಿದ ಭಾಗದ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ನಿಮ್ಮ ಬ್ಯಾಟರಿ ನಾಲ್ಕೇ ವರ್ಷಕ್ಕೆ ಸೋತದ್ದಕ್ಕೆ ಬಾವಿ ನೀರಿಗಿಂತ ಇದೇ ದೊಡ್ಡ ಕಾರಣ ಎಂದು ನನ್ನ ನಂಬಿಕೆ. ಜೊತೆಗೆ ಸೆಕೆಯ ಗೂಡು. ಬಿಸಿ ಹತ್ತು ಡಿಗ್ರಿ ಏರಿದರೆ ಒಳಗಿನ ಬೇಡದ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ, ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಇಲ್ಲೊಂದು ವಿಚಿತ್ರ ಇದೆ. ಸೀಸದ ಬ್ಯಾಟರಿಯ ಕ್ರಿಯೆ ಕರೆಂಟ್ ಕೊಡುವಾಗ ಸುತ್ತಲಿನಿಂದ ಒಂಚೂರು ಶಾಖ ಹೀರುವ ಜಾತಿಯದು, ತುಂಬುವಾಗ ಅದನ್ನು ವಾಪಸು ಕೊಡುತ್ತದೆ. ಒಳಗಿನ ತಡೆಯಿಂದ ಹುಟ್ಟುವ ಬಿಸಿ ಎರಡೂ ಸಲ ಇದ್ದೇ ಇರುತ್ತದೆ. ಆದ್ದರಿಂದ ಬ್ಯಾಟರಿ ಹೆಚ್ಚು ಕಾಯುವುದು ಕೆಲಸ ಮಾಡುವಾಗ ಅಲ್ಲ, ಚಾರ್ಜ್ ಆಗುವಾಗ, ಮುಖ್ಯವಾಗಿ ತುಂಬಿದ ಮೇಲೂ ತುಂಬುತ್ತಿರುವಾಗ. ನೀವು ಕೈಯಿಂದ ಮುಟ್ಟಿ ನೋಡಬೇಕಾದ ಹೊತ್ತು ಅದು.

ಎಲ್‌ಎಫ್‌ಪಿ ಅರೆಹೊಟ್ಟೆಗೆ ಬೇಸರಿಸುವುದಿಲ್ಲ. ಎರಡು ಮೂರು ಗಂಟೆಯಲ್ಲಿ ತುಂಬಿಕೊಳ್ಳಬಲ್ಲದು, ಇನ್ವರ್ಟರಿನ ಚಾರ್ಜರ್‌ಗೆ ಅಷ್ಟು ಶಕ್ತಿ ಇದ್ದರೆ. ನೀರು ಹಾಕುವ ಗೋಜಿಲ್ಲ. 12.8 ವೋಲ್ಟ್, 100 ಎಎಚ್‌ನದು 1.28 ಯೂನಿಟ್, ಅದರಲ್ಲಿ ಶೇ 90ರಷ್ಟು ಬಳಸಬಹುದು. ನಿಮ್ಮ 150 ಎಎಚ್ ಸೀಸದ ಬ್ಯಾಟರಿಯಲ್ಲಿ ಆಯಸ್ಸು ಕೆಡದಂತೆ ತೆಗೆಯಬಹುದಾದದ್ದು ಒಂದು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ಅಲ್ಲಿಗೆ ಸರಿಸಮ. ಬೆಲೆ ಮಾತ್ರ ಕೊಳ್ಳುವ ದಿನ ಜೋರಾಗಿ ಕಾಣುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಹಣ ಹೊಂದಿಸಲು ಆಗುವುದಾದರೆ ಎಲ್‌ಎಫ್‌ಪಿಯನ್ನೇ ತರುತ್ತಿದ್ದೆ, ಮಳೆಗಾಲದ ಆ ಎರಡು ಗಂಟೆಯ ಕರೆಂಟಿನ ಕಾರಣಕ್ಕೆ.

ತರುವುದಾದರೆ ಈ ವಿಷಯಗಳನ್ನು ಬಿಡಬೇಡಿ. ಹಳೆಯ ಇನ್ವರ್ಟರಿಗೆ ಲಿಥಿಯಂ ಸೆಟ್ಟಿಂಗ್ ಇದೆಯೇ ಎಂದು ಕಂಪನಿಯಿಂದ ಬರಹದಲ್ಲಿ ಕೇಳಿ. ಸೀಸಕ್ಕೆಂದು ಮಾಡಿದ ಚಾರ್ಜರಿನಲ್ಲಿ ಆಗಾಗ ವೋಲ್ಟೇಜ್ ಏರಿಸುವ ಒಂದು ಹಂತ ಇರುತ್ತದೆ, ಲಿಥಿಯಂಗೆ ಅದು ಸಲ್ಲದು. ಪ್ರತಿ ಸೆಲ್ಲನ್ನೂ ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟ್ ಒಳಗಿರಲೇಬೇಕು. ಹಳೆಯ ವಾಹನಗಳಿಂದ ಕಿತ್ತ ಸೆಲ್‌ಗಳನ್ನು ಜೋಡಿಸಿ ಅಗ್ಗಕ್ಕೆ ಮಾರುವ ಪ್ಯಾಕ್ ಮನೆಯೊಳಗೆ ಬರಬಾರದು. ಇಡುವ ಜಾಗ ಮೆಟ್ಟಿಲ ಕೆಳಗಲ್ಲ. ಬೆಂಕಿ ಬಿದ್ದರೆ ಮಹಡಿಯಲ್ಲಿರುವವರು ಇಳಿದು ಬರುವ ದಾರಿಯೇ ಅದು. ಸೀಸದ್ದಾದರೂ ಅಷ್ಟೇ. ಮಳೆಯ ಎರಚಲು ಬೀಳದ ಜಗಲಿಯ ಮೂಲೆ ಎರಡಕ್ಕೂ ಒಳ್ಳೆಯದು.

ಯಾವ ಬ್ಯಾಟರಿ ತಂದರೂ ಫ್ಯಾನುಗಳನ್ನು ನೋಡಿ. ಹಳೆಯ ಸೀಲಿಂಗ್ ಫ್ಯಾನ್ 70 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ಎರಡು ಫ್ಯಾನ್ ಬದಲಿಸಿದರೆ ಬ್ಯಾಕಪ್ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಇನ್ನೊಂದು ಬ್ಯಾಟರಿ ಕೊಳ್ಳುವುದಕ್ಕಿಂತ ಅದು ಅಗ್ಗ.

ಭಾವನವರ ಹೈಡ್ರೋಜನ್ ಬಗ್ಗೆ. ಅವರು ಹೇಳುತ್ತಿರುವುದು ಫ್ಯುಯೆಲ್ ಸೆಲ್, ಅದು ಬ್ಯಾಟರಿ ಅಲ್ಲ. ಬ್ಯಾಟರಿ ಕಣಜದ ಹಾಗೆ, ತುಂಬಿದ್ದೇ ಹೊರಬರುವುದು. ಫ್ಯುಯೆಲ್ ಸೆಲ್ ಗಿರಣಿಯ ಹಾಗೆ, ಕಾಳು ಹಾಕಿದಷ್ಟು ಹೊತ್ತು ಹಿಟ್ಟು. ಒಂದು ಕಡೆಯಿಂದ ಹೈಡ್ರೋಜನ್, ಇನ್ನೊಂದು ಕಡೆಯಿಂದ ಗಾಳಿಯ ಆಮ್ಲಜನಕ ಬಿಟ್ಟರೆ ಬೆಂಕಿಯಿಲ್ಲದೆ ಸೇರಿ ನೀರಾಗುತ್ತವೆ, ಎಲೆಕ್ಟ್ರಾನುಗಳು ತಂತಿಯಲ್ಲಿ ಸುತ್ತಿ ಬರುತ್ತವೆ. ನಿಮ್ಮ ಬ್ಯಾಟರಿ ಈಗ ಬೇಡದೆ ಮಾಡುತ್ತಿರುವ ನೀರೊಡೆಯುವ ಕೆಲಸವನ್ನೇ ತಿರುಗಿಸಿದ ಹಾಗೆ. ಅಪೊಲೊ ಗಗನಯಾತ್ರಿಗಳು ಹೀಗೆ ಹುಟ್ಟಿದ ನೀರನ್ನೇ ಕುಡಿಯುತ್ತಿದ್ದರು. ನಮ್ಮ ಇಸ್ರೋ ಕೂಡ 2024ರ ಜನವರಿಯಲ್ಲಿ ಪಿಎಸ್‌ಎಲ್‌ವಿ–ಸಿ58 ರಾಕೆಟ್ಟಿನ ಕೊನೆಯ ಹಂತದಲ್ಲಿ 100 ವ್ಯಾಟ್ ವರ್ಗದ ಫ್ಯುಯೆಲ್ ಸೆಲ್ ಒಂದನ್ನು ಕಕ್ಷೆಯಲ್ಲಿ ಪರೀಕ್ಷಿಸಿತು.

ಅಂತರಿಕ್ಷದಲ್ಲಿ ಅದು ಬೆಲೆಬಾಳುತ್ತದೆ. ತೋಟದ ಮನೆಯಲ್ಲಿ ಹೈಡ್ರೋಜನ್ ಎಲ್ಲಿಂದ ಬರಬೇಕು? ಕರೆಂಟಿನಿಂದ ನೀರು ಒಡೆದು ಮಾಡಿದರೆ ಮೂರನೇ ಒಂದು ಪಾಲು ಅಲ್ಲೇ ನಷ್ಟ. ಅದನ್ನು ಒತ್ತಿ ತುಂಬುವುದಕ್ಕೆ ಇನ್ನಷ್ಟು. ಫ್ಯುಯೆಲ್ ಸೆಲ್ಲಿನಲ್ಲಿ ಮತ್ತೆ ಅರ್ಧದಷ್ಟು ಶಾಖವಾಗಿ ಹೋಗುತ್ತದೆ. ಹತ್ತು ಯೂನಿಟ್ ಹಾಕಿದರೆ ಮೂರು ಕೈಗೆ ಬರಬಹುದು. ಎಲ್‌ಎಫ್‌ಪಿಯಲ್ಲಿ ಒಂಬತ್ತಕ್ಕೂ ಹೆಚ್ಚು ಬರುತ್ತದೆ. ದೊಡ್ಡ ಲಾರಿ, ಕಾರ್ಖಾನೆಗಳಿಗೆ ಅದರ ದಿನ ಬರಬಹುದು. ನಿಮ್ಮ ಮನೆಯ ನಾಲ್ಕು ಬಲ್ಬಿಗೆ ಅದನ್ನು ಕಾಯಬೇಡಿ ಎಂದು ಭಾವನವರಿಗೆ ಹೇಳಿ.

ಹಳೆಯ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಗುಜರಿಯವರು ಎರಡು ಕಾಸು ಹೆಚ್ಚು ಕೊಡಬಹುದು. ಅವರಲ್ಲಿ ಕೆಲವರು ಆಮ್ಲವನ್ನು ಚರಂಡಿಗೆ ಚೆಲ್ಲಿ, ಸೀಸವನ್ನು ಬಯಲಲ್ಲೇ ಕರಗಿಸುತ್ತಾರೆ. ಸೀಸದ ಹೊಗೆ, ಧೂಳು ಮಕ್ಕಳ ಮಿದುಳಿಗೆ ಮಾಡುವ ಹಾನಿಗೆ ‘ಇಷ್ಟಾದರೆ ಪರವಾಗಿಲ್ಲ’ ಎನ್ನುವ ಮಿತಿಯೇ ಇಲ್ಲ. ಆಮ್ಲ ಕಡಿಮೆ ಮಾಡಿಕೊಂಡು ಹೊತ್ತೊಯ್ಯುತ್ತೇವೆ ಎಂದು ನಿಮ್ಮ ಅಂಗಳದಲ್ಲಿ, ಅಡಿಕೆ ಮರದ ಬುಡದಲ್ಲಿ ಬಗ್ಗಿಸಲು ಯಾರಿಗೂ ಬಿಡಬೇಡಿ.

ಕೊಡುವ ಮುಂಚೆ, ಬ್ಯಾಟರಿ ತಣ್ಣಗಿರುವಾಗ, ರಿಪೇರಿಯವರಿಂದ ಆರೂ ಸೆಲ್ಲಿನ ಗ್ರಾವಿಟಿ ಹಿಡಿಸಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಐದರಲ್ಲಿ 1.200ರ ಮೇಲಿದ್ದು ಮೂರನೆಯದರಲ್ಲಿ ಮಾತ್ರ ಬಹಳ ಕೆಳಗಿದ್ದರೆ ನನ್ನ ಅಂದಾಜು ಸರಿ. ಆರೂ ಒಂದೇ ಸಮ ಕೆಳಗಿದ್ದರೆ ತಪ್ಪು ಇನ್ವರ್ಟರಿನ ಚಾರ್ಜರಿನಲ್ಲೂ ಇರಬಹುದು. ಆಗ ಅದನ್ನು ನೋಡಿಸದೆ ಹೊಸ ಬ್ಯಾಟರಿ ಜೋಡಿಸಬೇಡಿ. ಆ ಆರು ಅಂಕಿಗಳನ್ನು ನನಗೆ ಬರೆದು ಕಳಿಸಿ. ಮಗಳ ಕೈಯಲ್ಲೇ ಬರೆಸಿದರೆ ಇನ್ನೂ ಸಂತೋಷ.